ಗೋಡೆ ಮೇಲಿನ ಸೌತೆಬೀಜ: ಪುಟ್ಟ ಪತಂಗವೊಂದನ್ನು ಸಾಕಿ ಗುರುತು ಹಿಡಿದ ಎರಡು ತಿಂಗಳ ಕೆಲಸ

ಬೆಂಗಳೂರಿನ ಹಳೆಯ ಮನೆಗಳಲ್ಲಿ ವಾಸ ಮಾಡಿದವರೆಲ್ಲ ಇದನ್ನು ನೋಡಿರುತ್ತಾರೆ. ಬಚ್ಚಲಿನ ಗೋಡೆ, ಬೀರುವಿನ ಹಿಂಭಾಗ, ಮೆಟ್ಟಿಲ ಕೆಳಗಿನ ಮೂಲೆ, ಇಂಥ ಕಡೆ ಸೌತೆಬೀಜದ ಆಕಾರದ, ಸಿಮೆಂಟ್ ಬಣ್ಣದ ಒಂದು ಚೂರು ಅಂಟಿಕೊಂಡಿರುತ್ತದೆ. ಗಾರೆ ಉದುರಿ ಸಿಕ್ಕಿಕೊಂಡಿದೆ ಅಂದುಕೊಂಡು ಪೊರಕೆಯಿಂದ ತಳ್ಳಿಬಿಡುತ್ತೇವೆ. ತಳ್ಳದೆ ಐದು ನಿಮಿಷ ಸುಮ್ಮನೆ ನಿಂತರೆ ಆ ಚೂರಿನ ತುದಿಯಿಂದ ಕಂದು ತಲೆಯೊಂದು ಹೊರಗೆ ಬರುತ್ತದೆ. ಮೂರು ಜೊತೆ ಕಾಲು ಗೋಡೆಗೆ ಊರಿ, ಮನೆಯನ್ನೆಲ್ಲ ಒಂದು ಎಳೆಯಷ್ಟು ಮುಂದಕ್ಕೆ ಎಳೆದುಕೊಂಡು, ಮತ್ತೆ ಒಳಗೆ ಹೋಗುತ್ತದೆ.

ಹನುಮಂತನಗರದಲ್ಲಿ ನಾವಿರುವುದು ನೆಲಮಹಡಿ. ಪಕ್ಕದ ಕಟ್ಟಡ ಎದ್ದ ಮೇಲೆ ಉತ್ತರದ ಗೋಡೆಗೆ ಬಿಸಿಲೇ ಇಲ್ಲ. ಆಗಸ್ಟ್ ಕೊನೆಯಲ್ಲಿ ಬೀರು ಸರಿಸಿ ಗುಡಿಸುವಾಗ ಒಂದೇ ಕಡೆ ಹದಿನಾಲ್ಕು ಚೀಲ ಸಿಕ್ಕವು. ಇದು ಯಾವ ಹುಳು, ಏನಾಗಿ ಹಾರಿಹೋಗುತ್ತದೆ, ಯಾಕೆ ಇಲ್ಲೇ ಇಷ್ಟೊಂದು ಅಂತ ತಿಳಿಯಲೇಬೇಕು ಅನ್ನಿಸಿತು. ಅಜ್ಜಿಗೆ ಒಂದು ಚೀಲ ತೋರಿಸಿದೆ. ಅಜ್ಜಿ ಕನಕಪುರದ ಕಡೆಯವರು, ಮೂವತ್ತು ವರ್ಷ ರೇಷ್ಮೆ ಬೆಳೆ ಮಾಡಿದವರು. ಚೀಲವನ್ನು ಬೆಳಕಿಗೆ ಹಿಡಿದು, ತುದಿಯ ಒಳಗೆ ಕಣ್ಣಿಟ್ಟು ನೋಡಿ ಹೇಳಿದರು: "ಇದೂ ನೂಲು ಬಿಡೋ ಜಾತೀದೇ ಕಣವ್ವ. ಒಳಗೆ ನೋಡು ಹೆಂಗೆ ಮೆತ್ತಗೆ ಹಾಸಿಕೊಂಡೈತೆ. ಸಾಕು, ಚಿಟ್ಟೆ ಆಗ್ಲೇಬೇಕು."

ಸಾಕುವುದೇ ಸರಿಯಾದ ದಾರಿ ಅನ್ನುವುದಕ್ಕೆ ಇನ್ನೊಂದು ಕಾರಣವೂ ಇತ್ತು. ರಾತ್ರಿ ಟ್ಯೂಬ್‌ಲೈಟಿನ ಹತ್ತಿರ ಬರುವ ಸಣ್ಣ ಬೂದು ಪತಂಗಗಳು ಫೋಟೊದಲ್ಲಿ ಒಂದರಂತೆ ಒಂದು ಕಾಣುತ್ತವೆ. ರೆಕ್ಕೆ ಹರಡಿದರೂ ಒಂದು ಸೆಂಟಿಮೀಟರಿನ ಆಚೀಚೆ. ಮೈಮೇಲಿನ ಪುಡಿ ಉದುರಿದರೆ ಚುಕ್ಕೆಗಳೂ ಮಾಯ. ಆದರೆ ಇಂಥ ಚೀಲದಿಂದ ಇಂಥ ಪತಂಗ ಬಂತು ಅಂತ ಕಣ್ಣಾರೆ ಕಂಡರೆ ಎರಡು ಸಾಕ್ಷಿ ಒಟ್ಟಿಗೆ ಸಿಕ್ಕ ಹಾಗೆ.

ಸೆಪ್ಟೆಂಬರ್ 6, ಶುಕ್ರವಾರ: ಡಬ್ಬಿ

ಒಂದು ಕೆಜಿ ಸಿಹಿತಿಂಡಿ ಬಂದಿದ್ದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡೆ. ಪಾರದರ್ಶಕ, ಬಿಗಿಯಾದ ಮುಚ್ಚಳ. ಹಳೆಯ ಚಾಕುವನ್ನು ಗ್ಯಾಸ್ ಮೇಲೆ ಕಾಯಿಸಿ ಎದುರುಬದುರು ಎರಡು ಕಿಟಕಿ ಕೊರೆದೆ, ಒಂದೊಂದೂ ಐದು ಸೆಂಟಿಮೀಟರ್ ಅಗಲ. ಸೊಳ್ಳೆಪರದೆಯ ತುಂಡು ಕತ್ತರಿಸಿ ಹಾಟ್ ಗ್ಲೂನಲ್ಲಿ ಅಂಟಿಸಿದೆ. ತಳಕ್ಕೆ ಮಿಲಿಮೀಟರ್ ಗ್ರಾಫ್ ಹಾಳೆ ಹಾಸಿದೆ, ಫೋಟೊ ತೆಗೆದಾಗಲೆಲ್ಲ ಅಳತೆ ತಾನೇ ಬರಲಿ ಎಂದು. ಅದರ ಮೇಲೆ ಮಂಗಳೂರು ಹೆಂಚಿನ ಒಂದು ಚೂರನ್ನು ಓರೆಯಾಗಿ ನಿಲ್ಲಿಸಿದೆ. ಪತಂಗವಾಗುವ ಮೊದಲು ಕೋಶವಾಗುವ ಹೊತ್ತಿಗೆ ಈ ಹುಳುಗಳು ಮೇಲಕ್ಕೆ ಹತ್ತುತ್ತವೆ, ಅವಕ್ಕೊಂದು ಗೋಡೆ ಬೇಕು.

ಹಾಟ್ ಗ್ಲೂ ಮಾರನೇ ದಿನವೇ ಕೈಕೊಟ್ಟಿತು. ಇಂಥ ಡಬ್ಬಿಗಳು ಪಾಲಿಪ್ರೊಪಿಲೀನ್‌ನಲ್ಲಿ ಆಗಿರುತ್ತವೆ, ಅದಕ್ಕೆ ಯಾವ ಗೋಂದೂ ಸರಿಯಾಗಿ ಹಿಡಿಯುವುದಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ ಮತ್ತೆ ಅಂಟಿಸಿದೆ, ಮತ್ತೆ ಎದ್ದಿತು. ಅಜ್ಜಿ ದಬ್ಬಳ ಕಾಯಿಸಿ ಕಿಟಕಿಯ ಸುತ್ತ ತೂತು ಮಾಡಿ ದಾರ ಹಾಕಿ ಹೊಲಿದುಕೊಟ್ಟರು. ಆ ಹೊಲಿಗೆ ಇವತ್ತಿಗೂ ಬಿಟ್ಟಿಲ್ಲ. ಹೊಲಿಯುವಾಗಲೇ ಸೊಳ್ಳೆಪರದೆ ತೆಗೆದು ಆರ್ಗಾಂಜಾ ಅನ್ನುವ, ಸಣ್ಣ ಕಣ್ಣಿನ ತೆಳು ಬಟ್ಟೆ ಹಾಕಿದೆವು. ಸೊಳ್ಳೆಪರದೆಯ ಕಣ್ಣು ಒಂದು ಮಿಲಿಮೀಟರಿಗೂ ದೊಡ್ಡದು. ಆಗ ತಾನೇ ಮೊಟ್ಟೆಯಿಂದ ಬಂದ ಮರಿಗೆ ಅದು ಹೆಬ್ಬಾಗಿಲು.

ಚೀಲಗಳನ್ನು ಗೋಡೆಯಿಂದ ಬಿಡಿಸುವುದಕ್ಕೆ ಮೆತ್ತನೆಯ ಬಣ್ಣದ ಕುಂಚ ಮತ್ತು ಒಂದು ಹಳೆಯ ಲಗ್ನಪತ್ರಿಕೆ ಸಾಕಾಯಿತು. ಹುಳು ಗೋಡೆಯನ್ನು ಹಿಡಿದುಕೊಂಡಿದ್ದರೆ ಎಳೆಯಬಾರದು, ಅದು ಕಾಲು ಬಿಡುವವರೆಗೆ ಕಾಯಬೇಕು. ಹನ್ನೆರಡು ಚೀಲ ಆರಿಸಿದೆ. ಉದ್ದ 6ರಿಂದ 11 ಮಿಲಿಮೀಟರ್, ನಡುವಿನ ಅಗಲ 3ರಿಂದ 4. ಪ್ರತಿಯೊಂದನ್ನೂ ಎಲ್ಲಿಂದ ತೆಗೆದೆ ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಈ ಒಂದು ಅಭ್ಯಾಸ ಮುಂದೆ ಬಹಳ ಉಪಯೋಗಕ್ಕೆ ಬಂತು.

ತೇವ ಸಾಧಿಸಿದ ಕಥೆ

ಇಡೀ ಕೆಲಸದಲ್ಲಿ ಹೆಚ್ಚು ದಿನ ತಿಂದದ್ದು ಇದೇ. ಗಾಳಿ ಒಣಗಿದರೆ ಈ ಹುಳುವಿನ ಬೆಳವಣಿಗೆ ಕುಂಠಿತವಾಗುತ್ತದೆ. ಅದಕ್ಕೇ ಒದ್ದೆ ಹತ್ತಿ ಇಟ್ಟೆ. ನಾಲ್ಕನೇ ದಿನಕ್ಕೆ ಹತ್ತಿಯ ಪಕ್ಕ ಬೂಷ್ಟು, ಒಂದು ಚೀಲದ ಬಾಯಿಯಲ್ಲೂ ಬಿಳಿ ನೂಲು. ಆ ಹುಳು ಉಳಿಯಲಿಲ್ಲ. ಹತ್ತಿ ತೆಗೆದೆ, ಉಳಿದವು ಅಲ್ಲಾಡುವುದನ್ನೇ ನಿಲ್ಲಿಸಿದವು.

ಆಗ ಉಪ್ಪಿನ ಉಪಾಯಕ್ಕೆ ಬಂದೆ. ಅಡುಗೆ ಉಪ್ಪನ್ನು ಸ್ವಲ್ಪವೇ ನೀರಿನಲ್ಲಿ ಕಲಸಿ, ಪೂರ್ತಿ ಕರಗದೆ ಹರಳು ಉಳಿದಿರುವ ಹಾಗೆ ಮುಚ್ಚಿದ ಜಾಗದಲ್ಲಿಟ್ಟರೆ, ಸುತ್ತಲಿನ ಗಾಳಿಯ ಆರ್ದ್ರತೆ ಶೇ 75ರ ಹತ್ತಿರ ನಿಲ್ಲುತ್ತದೆ. ಗಾಳಿ ಒಣಗಿದರೆ ಉಪ್ಪುನೀರು ತೇವ ಬಿಡುತ್ತದೆ, ತೇವ ಹೆಚ್ಚಾದರೆ ಹೀರಿಕೊಳ್ಳುತ್ತದೆ. ಬೆಂಗಳೂರಿನ ಕೋಣೆಯ ಉಷ್ಣತೆಯಲ್ಲಿ ಈ ಅಂಕಿ ಹೆಚ್ಚುಕಡಿಮೆ ಕದಲುವುದೇ ಇಲ್ಲ. ಬೂಷ್ಟು ಹಬ್ಬುವಷ್ಟು ಒದ್ದೆಯೂ ಅಲ್ಲ, ಹುಳು ಬಳಲುವಷ್ಟು ಒಣಕಲೂ ಅಲ್ಲ.

ಮೊದಲು ಮೀಟರನ್ನೇ ಪರೀಕ್ಷಿಸಬೇಕಿತ್ತು. ಎಸ್.ಪಿ. ರಸ್ತೆಯಲ್ಲಿ ಕೊಂಡ ಬೆರಳುದ್ದದ ಡಿಜಿಟಲ್ ಆರ್ದ್ರತಾ ಮಾಪಕ ಅದು. ಬಾಟಲಿ ಮುಚ್ಚಳದಲ್ಲಿ ಉಪ್ಪಿನ ಮುದ್ದೆ ಇಟ್ಟು, ಮೀಟರಿನ ಜೊತೆಗೆ ಜಿಪ್ ಕವರಿನೊಳಗೆ ಹಾಕಿ ಒಂದು ರಾತ್ರಿ ಬಿಟ್ಟೆ. ಬೆಳಿಗ್ಗೆ 75 ತೋರಿಸಬೇಕಿದ್ದದ್ದು 69 ತೋರಿಸಿತು. ಅಂದರೆ ಈ ಮೀಟರು ಆ ಸುಮಾರಿನಲ್ಲಿ ಆರು ಅಂಕಿ ಕಡಿಮೆ ಹೇಳುತ್ತದೆ. ಅದರ ಬೆನ್ನಿಗೆ "+6" ಅಂತ ಚೀಟಿ ಅಂಟಿಸಿದೆ. ಅಗ್ಗದ ಮೀಟರು ಕೊಂಡವರು ಈ ಒಂದು ರಾತ್ರಿಯ ಪರೀಕ್ಷೆ ಮಾಡದೆ ಯಾವ ಅಂಕಿಯನ್ನೂ ನಂಬಬೇಡಿ.

ಉಪ್ಪು ಇಟ್ಟ ಮೇಲೆ ಎರಡೇ ದಿನಕ್ಕೆ ಹುಳುಗಳು ಓಡಾಡತೊಡಗಿದವು. ಆದರೆ ಉಪ್ಪೂ ಓಡಾಡತೊಡಗಿತು. ಉಪ್ಪುನೀರು ಮುಚ್ಚಳದ ಅಂಚು ಹತ್ತಿ, ಅಲ್ಲಿ ಒಣಗಿ ಹರಳಾಗಿ, ಆ ಹರಳಿನ ಸಂದಿನಲ್ಲಿ ಮತ್ತೆ ನೀರು ಏರಿ, ಸೆಪ್ಟೆಂಬರ್ 19ಕ್ಕೆ ಹೆಂಚಿನ ಬುಡದವರೆಗೆ ಬಿಳಿ ಪೊರೆ ಬಂದಿತ್ತು. ಮೀಟರಿನ ಬ್ಯಾಟರಿಯ ತಗಡಿಗೂ ಹಸಿರು ಹಿಡಿದಿತ್ತು. ತಗಡನ್ನು ವಿನೆಗರ್ ಹಚ್ಚಿದ ಬಟ್ಟೆಯಿಂದ ಒರೆಸಿ, ಒಣಗಿಸಿ ಸರಿಮಾಡಿದೆ. ಉಪ್ಪಿಗೆ ಆಳವಾದ ಬಾಟಲಿ ಮುಚ್ಚಳ ಹುಡುಕಿ, ಅರ್ಧಕ್ಕಿಂತ ಕಡಿಮೆ ತುಂಬಿ, ಅಂಚಿಗೆ ವ್ಯಾಸಲೀನ್ ಸವರಿ, ಬಾಯಿಗೆ ಆರ್ಗಾಂಜಾ ಕಟ್ಟಿದೆ. ವ್ಯಾಸಲೀನ್ ಸವರಿದ ಅಂಚನ್ನು ಉಪ್ಪು ದಾಟುವುದಿಲ್ಲ. ಕಿಟಕಿ ಎರಡಿದ್ದರೆ ತೇವ ನಿಲ್ಲದು ಅಂತ ಒಂದಕ್ಕೆ ಟೇಪ್ ಹಾಕಿ ಮುಚ್ಚಿದೆ. ಆಮೇಲೆ ಡಬ್ಬಿಯೊಳಗೆ 71ರಿಂದ 76ರೊಳಗೇ ನಿಂತಿತು.

ಸೆಪ್ಟೆಂಬರ್ 22ರ ಬೆಳಿಗ್ಗೆ ಇರುವೆ. ಮುಚ್ಚಳದ ಮೂಲೆಯ ಸಂದಿನಿಂದ ಸಾಲು ಹೋಗಿತ್ತು, ಎರಡು ಚೀಲ ಖಾಲಿ. ಬಹಳ ಬೇಜಾರಾಯಿತು. ಆ ಎರಡರಲ್ಲಿ ಒಂದು ನಾನು ಹದಿನೈದು ದಿನದಿಂದ ಅಳೆದು ಬರೆದುಕೊಂಡಿದ್ದ ಹುಳು. ಅಜ್ಜಿ ಮಾತಾಡದೆ ನಾಲ್ಕು ಸ್ಟೀಲ್ ಬಟ್ಟಲು ತಂದು, ನೀರು ಹಾಕಿ, ಪುಟ್ಟ ಮೇಜಿನ ನಾಲ್ಕು ಕಾಲಿಗೂ ಇಟ್ಟರು. ರೇಷ್ಮೆ ಸಾಕುವ ಹುಳುಮನೆಯಲ್ಲಿ ತಟ್ಟೆ ಜೋಡಿಸುವ ಸ್ಟ್ಯಾಂಡಿನ ಕಾಲಿಗೆ ಹೀಗೇ ನೀರಿನ ಬಟ್ಟಲು ಇಡುತ್ತಾರಂತೆ. "ಮೊದಲ ದಿನಾನೇ ಹೇಳಬೇಕಿತ್ತು, ಮರೆತೆ ಕಣವ್ವ" ಅಂದರು. ಆಮೇಲೆ ಇರುವೆಯ ಸುಳಿವಿಲ್ಲ.

ಮಸೂರ ಮತ್ತು ಬೋಲ್ಟು

ಏಳು ಮಿಲಿಮೀಟರಿನ ಹುಳುವನ್ನು ಫೋನಿನಲ್ಲಿ ಹಿಡಿಯಲು ನಗರ್ತಪೇಟೆಯಲ್ಲಿ ಅಕ್ಕಸಾಲಿಗರ ಸಾಮಾನು ಮಾರುವ ಅಂಗಡಿಯಿಂದ ಹತ್ತು ಪಟ್ಟು ಹಿಗ್ಗಿಸುವ ಮಸೂರ ತಂದೆ. ವಜ್ರದ ಕಲ್ಲು ನೋಡಲು ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಾರಲ್ಲ, ಅದೇ. ಹತ್ತು ಪಟ್ಟಿನ ಮಸೂರಕ್ಕೆ ವಸ್ತು ಸುಮಾರು 25 ಮಿಲಿಮೀಟರ್ ದೂರದಲ್ಲಿರಬೇಕು. ಅದರಿಂದ ಒಂದು ಕೂದಲೆಳೆ ಆಚೀಚೆ ಆದರೂ ಚಿತ್ರ ಮಸುಕು. ಕೈಯಲ್ಲಿ ಹಿಡಿದು ಆಗುವ ಕೆಲಸವೇ ಅಲ್ಲ.

ಎರಡು ಪ್ಲೈವುಡ್ ಹಲಗೆ, ನಾಲ್ಕು ಕಾಲು. ಮೇಲಿನ ಹಲಗೆಯ ತೂತಿಗೆ ಮಸೂರ ಕೂರಿಸಿ, ಅದರ ಮೇಲೆ ಫೋನ್ ಮಲಗಿಸುವುದು. ಕೆಳಗಿನ ಹಲಗೆಯಲ್ಲಿ ಎಂ6, ಅಂದರೆ ಆರು ಮಿಲಿಮೀಟರ್ ದಪ್ಪದ ಬೋಲ್ಟಿನ ನಟ್ಟನ್ನು ಅರಾಲ್ಡೈಟ್ ಹಾಕಿ ಕೂರಿಸಿ, ಬೋಲ್ಟನ್ನು ಕೆಳಗಿನಿಂದ ತಿರುಗಿಸಿದರೆ ಹುಳುವಿನ ತಟ್ಟೆ ಮೇಲೇಳುವಂತೆ ಮಾಡಿದೆ. ಎಂ6 ಬೋಲ್ಟಿನ ಮರೆ, ಅಂದರೆ ಮೈಮೇಲಿನ ಸುರುಳಿ ಗೆರೆ, ಒಂದು ಮಿಲಿಮೀಟರಿಗೆ ಒಂದು. ಪೂರ್ತಿ ಸುತ್ತಿದರೆ ತಟ್ಟೆ ಒಂದು ಮಿಲಿಮೀಟರ್ ಏರುತ್ತದೆ, ಕಾಲು ಸುತ್ತಿಗೆ ಕಾಲು ಮಿಲಿಮೀಟರ್. ಬೋಲ್ಟಿನ ತಲೆಗೆ ಹಳೆಯ ಔಷಧಿ ಬಾಟಲಿಯ ಮುಚ್ಚಳ ಅಂಟಿಸಿ ಎಂಟು ಗೆರೆ ಎಳೆದೆ.

ತಟ್ಟೆ ಓಲಾಡುತ್ತಿತ್ತು. ಎರಡು ಸೈಕಲ್ ಕಡ್ಡಿಗಳನ್ನು ನೇರ ನಿಲ್ಲಿಸಿ ದಾರಿ ಮಾಡಿಕೊಟ್ಟರೂ ಮರೆಯಲ್ಲಿ ಸಡಿಲ ಉಳಿಯಿತು. ಸೈಕಲ್ ಟ್ಯೂಬಿನ ಎರಡು ಪಟ್ಟಿ ಕತ್ತರಿಸಿ ತಟ್ಟೆಯನ್ನು ಯಾವಾಗಲೂ ಕೆಳಕ್ಕೆ ಎಳೆದಿರುವಂತೆ ಕಟ್ಟಿದ ಮೇಲೆ ಸರಿಹೋಯಿತು. ಬೆಳಕಿಗೆ ಸಣ್ಣ ಎಲ್‌ಇಡಿ, ಅದರ ಮುಂದೆ ಟ್ರೇಸಿಂಗ್ ಹಾಳೆ. ಹಾಳೆ ಇಲ್ಲದಿದ್ದರೆ ರೇಷ್ಮೆಯ ಎಳೆಗಳೆಲ್ಲ ಬೆಳ್ಳಗೆ ಮಿಂಚಿ ಏನೂ ಕಾಣುವುದಿಲ್ಲ.

ಮಸೂರದಡಿ ಕಂಡ ಹುಳು ಬೆಳ್ಳಗಿದೆ, ತಲೆ ಗಾಢ ಕಂದು. ಕಾಲಿರುವ ಮೂರು ಖಂಡಗಳ ಬೆನ್ನಿಗೆ ಗಟ್ಟಿ ಕಂದು ತಗಡು. ಚೀಲದಿಂದ ಹೊರಗೆ ಚಾಚುವುದು ಅಷ್ಟೇ ಭಾಗ, ಅದಕ್ಕೇ ಅಷ್ಟಕ್ಕೆ ಮಾತ್ರ ಕವಚ. ಒಳಗೆ ಉಳಿಯುವ ಮೈ ಮೆತ್ತಗಿದೆ. ಚೀಲದ ಎರಡೂ ತುದಿ ತೆರೆದಿವೆ. ಮಧ್ಯ ಅಗಲವಾಗಿರುವುದರಿಂದ ಹುಳು ಒಳಗೇ ಹೊರಳಿ ಇನ್ನೊಂದು ಬಾಯಿಂದ ಬರುತ್ತದೆ. ಸೌತೆಬೀಜದ ಆಕಾರಕ್ಕೆ ಕಾರಣ ಇದು.

ಊಟ, ರಂಗೋಲಿ, ಕೆಮ್ಮಣ್ಣು

ಊಟಕ್ಕೆ ಮೆಟ್ಟಿಲ ಕೆಳಗಿನ ಜೇಡರ ಬಲೆ, ಅಜ್ಜಿಯ ಬಾಚಣಿಗೆಯ ಕೂದಲು, ಕಂಬಳಿಯ ಎಳೆ, ಸತ್ತ ಸೊಳ್ಳೆ, ಸ್ವಲ್ಪ ಹತ್ತಿ. ಹತ್ತಿಯನ್ನು ಯಾವ ಹುಳುವೂ ಮುಟ್ಟಲಿಲ್ಲ. ಜೇಡರ ಬಲೆ ಮೊದಲು ಮುಗಿಯಿತು. ಕೂದಲು, ಉಣ್ಣೆ, ಬಲೆ ಎಲ್ಲವೂ ಪ್ರಾಣಿಜನ್ಯ ಪ್ರೋಟೀನು. ಕೂದಲು ಉಣ್ಣೆಗಳಲ್ಲಿರುವ ಕೆರಾಟಿನ್ ಅನ್ನುವ ಪ್ರೋಟೀನನ್ನು ಅರಗಿಸುವ ಶಕ್ತಿ ಬಹಳ ಕಡಿಮೆ ಪ್ರಾಣಿಗಳಿಗಿದೆ. ಆ ಕೆಲವರಲ್ಲಿ ಬಟ್ಟೆ ಪತಂಗಗಳ ಬಳಗವಾದ ಟಿನಿಯಿಡೇ ಕುಟುಂಬ ಮುಖ್ಯ. ನಮ್ಮ ಹುಳು ಆ ಕುಟುಂಬದ್ದು ಅನ್ನುವ ಮೊದಲ ಸೂಚನೆ ಸಿಕ್ಕಿದ್ದು ಈ ಊಟದ ತಟ್ಟೆಯಿಂದಲೇ.

ಚೀಲ ಹೇಗೆ ಬೆಳೆಯುತ್ತದೆ ಅಂತ ನೋಡಬೇಕಿತ್ತು. ಹುಳು ಚೀಲದ ಹೊರಮೈಗೆ ಮರಳು, ಮಣ್ಣು, ತುಕ್ಕಿನ ಪುಡಿ, ಕೂದಲ ತುಣುಕು, ಸಿಕ್ಕಿದ್ದನ್ನು ಹಚ್ಚಿಕೊಳ್ಳುತ್ತದೆ. ಒಳಗೆ ಮಾತ್ರ ಅಪ್ಪಟ ರೇಷ್ಮೆ. ಹಾಗಾದರೆ ಬಣ್ಣ ಬದಲಾಯಿಸುತ್ತ ಹೋದರೆ? ಬಾಗಿಲ ಮುಂದೆ ಹಾಕುವ ಬಿಳಿ ರಂಗೋಲಿ ಪುಡಿ ಒಂದು ವಾರ, ಆಮೇಲೆ ಕೆಮ್ಮಣ್ಣು ಒಂದು ವಾರ, ಆಮೇಲೆ ಇದ್ದಿಲ ಪುಡಿ. ಅಂಗಡಿಯ ಬಣ್ಣದ ರಂಗೋಲಿ ಹಾಕಲಿಲ್ಲ, ಅದರ ರಾಸಾಯನಿಕ ಹುಳುವಿಗೆ ಆಗದಿರಬಹುದು.

ಫಲಿತಾಂಶ ನೋಡಿ ನಾನೂ ಅಜ್ಜಿಯೂ ಬಹಳ ಹೊತ್ತು ಮಸೂರ ಬಿಟ್ಟು ಏಳಲಿಲ್ಲ. ಚೀಲದ ಎರಡೂ ತುದಿಗೆ ಬಿಳಿ ಪಟ್ಟಿ, ಅದರಾಚೆ ಕೆಂಪು ಪಟ್ಟಿ, ಕೊನೆಗೆ ಕಪ್ಪು ಅಂಚು. ನಡುವಿನ ಬೂದು ಭಾಗ ನಮ್ಮ ಗೋಡೆಯ ಮೇಲೆ ಇದ್ದಾಗ ಕಟ್ಟಿದ್ದು. ಅಂದರೆ ಚೀಲ ತುದಿಗಳಲ್ಲಿ ಬೆಳೆಯುತ್ತದೆ, ಹಳೆಯದು ನಡುವೆ ಉಳಿಯುತ್ತದೆ. ಹುಳು ಎಲ್ಲೆಲ್ಲಿ ಇತ್ತು ಅನ್ನುವುದು ನಡುವಿನಿಂದ ತುದಿಯವರೆಗೆ ಸಾಲಾಗಿ ಬರೆದಿಟ್ಟ ಹಾಗೆ.

ಪಟ್ಟಿ ಬೆಳೆಯುವ ನಡುವೆ ಹುಳುಗಳು ಒಂದೆರಡು ದಿನ ಅಲ್ಲಾಡದೆ ಕೂರುತ್ತಿದ್ದವು. ಮೊದಲ ಸಲ ಸತ್ತವೇನೋ ಅಂತ ಹೆದರಿದೆ. "ಜ್ವರಕ್ಕೆ ಕೂತೈತೆ, ಮುಟ್ಟಬ್ಯಾಡ" ಅಂದರು ಅಜ್ಜಿ. ರೇಷ್ಮೆ ಬೆಳೆಗಾರರು ಪೊರೆ ಬಿಡುವುದಕ್ಕೆ ಹೇಳುವ ಮಾತು ಅದು. ರೇಷ್ಮೆ ಹುಳುವಿಗೆ ನಾಲ್ಕು ಜ್ವರ. ಇದು ಆರೇಳು ಹಂತಗಳಲ್ಲಿ ಬೆಳೆಯುವ ಹುಳು, ಐದಾರು ಜ್ವರ ಏಳಬೇಕು. ಮೊಟ್ಟೆ ಒಡೆದಾಗಿನಿಂದ ಕೋಶವಾಗುವ ತನಕ ಸುಮಾರು ಐವತ್ತು ದಿನ.

ಹಣ್ಣಾದ ಮೇಲೆ

ಸೆಪ್ಟೆಂಬರ್ 29ರಂದು ಎರಡು ಹುಳು ಹೆಂಚು ಹತ್ತಿದವು. ಮಧ್ಯಾಹ್ನದ ಹೊತ್ತಿಗೆ ಚೀಲದ ಎರಡು ತುದಿಯನ್ನೂ ರೇಷ್ಮೆಯಿಂದ ಹೆಂಚಿಗೆ ಬಿಗಿದಿದ್ದವು. ಒಂದು ತುದಿಯ ಅಂಚುಗಳನ್ನು ಎರಡೂ ಕಡೆ ಸ್ವಲ್ಪ ಸೀಳಿ ಚಪ್ಪಟೆ ಮಾಡಿಕೊಂಡಿದ್ದವು. ಅದು ಬಾಗಿಲು: ಒಳಗಿನಿಂದ ತಳ್ಳಿದರೆ ತೆರೆಯುತ್ತದೆ, ಹೊರಗಿನಿಂದ ಬರುವವರಿಗೆ ಮುಚ್ಚಿಯೇ ಇರುತ್ತದೆ. ಮುಂದಿನ ಹತ್ತು ದಿನಗಳಲ್ಲಿ ಇನ್ನೂ ಆರು ಹತ್ತಿದವು.

ಒಂಬತ್ತನೆಯದು ಮಾತ್ರ ಕೆಳಗೇ ಉಳಿಯಿತು, ಕದಲಲಿಲ್ಲ. ಅಕ್ಟೋಬರ್ 5ರಂದು ಅದರ ಬಾಯಿಂದ ಹೊರಬಂದದ್ದು ಮೂರು ಮಿಲಿಮೀಟರೂ ಇಲ್ಲದ ಕಪ್ಪು ಕಣಜ. ಬ್ರಕೋನಿಡೇ ಕುಟುಂಬದ ಪರಾವಲಂಬಿ. ಈ ಕುಟುಂಬದ ಅಪಾಂಟೆಲಿಸ್ ಕಾರ್ಪೇಟಸ್ ಅನ್ನುವ ಕಣಜ ಬಟ್ಟೆ ಪತಂಗಗಳ ಮರಿಹುಳುಗಳ ಮೈಯೊಳಗೆ ಮೊಟ್ಟೆಯಿಡುತ್ತದೆ, ಮರಿಹುಳು ಕೋಶವಾಗುವ ಮೊದಲೇ ಸಾಯುತ್ತದೆ. ರೇಷ್ಮೆಗೆ ಊಜಿ ನೊಣ ಇದ್ದ ಹಾಗೆ ಇದಕ್ಕೆ ಇದು ಅಂತ ಅಜ್ಜಿ ತಕ್ಷಣ ಗುರುತಿಸಿದರು. ಗೋಡೆಯ ಮೇಲೆ ಅನ್ನ, ಉಣ್ಣುವವರು, ಉಣ್ಣುವವರನ್ನು ಉಣ್ಣುವವರು ಎಲ್ಲ ಇದ್ದಾರೆ. ನಾವು ಗುಡಿಸುವಾಗ ಒಂದನ್ನೂ ನೋಡಿರುವುದಿಲ್ಲ.

ಅಕ್ಟೋಬರ್ 14, ಹಗಲು ಹನ್ನೊಂದೂ ಮುಕ್ಕಾಲು. ಮೊದಲ ಚೀಲದ ಬಾಗಿಲಿನಿಂದ ಕೋಶದ ಅರ್ಧ ಮೈ ಹೊರಗೆ ಬಂತು. ಹತ್ತು ನಿಮಿಷಕ್ಕೆ ಅದು ಸೀಳಿ, ರೆಕ್ಕೆ ಮುದುಡಿದ ಪತಂಗ ಹೆಂಚಿನ ಮೇಲೆ ನಡೆದು ತಲೆಕೆಳಗಾಗಿ ನಿಂತಿತು. ಹತ್ತಿದ ದಿನದಿಂದ ಹದಿನೈದನೇ ದಿನ. ಕೋಶದ ಸಿಪ್ಪೆ ಬಾಗಿಲಲ್ಲೇ ಸಿಕ್ಕಿಕೊಂಡು ಉಳಿಯಿತು. ಇನ್ನು ಮೇಲೆ ಗೋಡೆಯಲ್ಲಿ ಚೀಲ ನೋಡಿದಾಗ ತುದಿಯಲ್ಲಿ ಕಂದು ಸಿಪ್ಪೆ ಕಂಡರೆ, ಹಕ್ಕಿ ಹಾರಿಹೋಗಿದೆ ಅಂತ ತಿಳಿಯಬಹುದು. ಎಂಟರಲ್ಲಿ ಆರು ಪತಂಗವಾದವು: ನಾಲ್ಕು ಹೆಣ್ಣು, ಎರಡು ಗಂಡು.

ಗುರುತು

ಹೆಣ್ಣಿನ ರೆಕ್ಕೆಯ ಹರವು 11ರಿಂದ 12 ಮಿಲಿಮೀಟರ್, ಗಂಡಿನದು 8. ಬೂದು ಬಣ್ಣ, ಮುಂದಿನ ರೆಕ್ಕೆಯ ಮೇಲೆ ಕಪ್ಪು ಚುಕ್ಕೆಗಳು, ಹೆಣ್ಣಿನಲ್ಲಿ ಸ್ಪಷ್ಟ. ಹಿಂದಿನ ರೆಕ್ಕೆಯ ಅಂಚಿಗೆ ಉದ್ದುದ್ದ ಕೂದಲ ಜಾಲರಿ. ನೆತ್ತಿಯ ಮೇಲೆ ಕೆದರಿದ ಒರಟು ಕೂದಲು, ಟಿನಿಯಿಡೇ ಕುಟುಂಬದ ಮುಖಲಕ್ಷಣ ಅದು.

ಇಲ್ಲಿಂದ ಮುಂದೆ ಒಂದೊಂದನ್ನೇ ಬಿಡುತ್ತ ಬಂದೆ. ಸಾಮಾನ್ಯ ಬಟ್ಟೆ ಪತಂಗ, ಟಿನಿಯೋಲಾ ಬಿಸ್ಸೆಲಿಯೆಲ್ಲಾ, ಒಣಹುಲ್ಲಿನ ಹೊಂಬಣ್ಣದ್ದು, ಚುಕ್ಕೆ ಇಲ್ಲ, ಹೊತ್ತು ತಿರುಗುವ ಚೀಲವೂ ಇಲ್ಲ. ಟಿನಿಯಾ ಪೆಲಿಯೊನೆಲ್ಲಾ ಅನ್ನುವುದಕ್ಕೆ ಚುಕ್ಕೆಯೂ ಇದೆ, ಚೀಲವೂ ಇದೆ. ಬರಿಯ ಪತಂಗದ ಫೋಟೊ ಇಟ್ಟುಕೊಂಡಿದ್ದರೆ ನಾನು ಇಲ್ಲೇ ಮುಗ್ಗರಿಸುತ್ತಿದ್ದೆ. ಆದರೆ ಅದರ ಚೀಲ ಕೊಳವೆಯಂತೆ ದುಂಡಗೆ, ಚಪ್ಪಟೆ ಸೌತೆಬೀಜವಲ್ಲ. ಗಿಡಮರದಲ್ಲಿ ಕಡ್ಡಿ ಜೋಡಿಸಿಕೊಂಡು ನೇತಾಡುವ ಚೀಲದ ಹುಳುಗಳು ಸೈಕಿಡೇ ಅನ್ನುವ ಬೇರೆಯೇ ಕುಟುಂಬ. ಅವುಗಳಲ್ಲಿ ಅನೇಕದರ ಹೆಣ್ಣಿಗೆ ರೆಕ್ಕೆಯೇ ಬರುವುದಿಲ್ಲ. ನಮ್ಮ ಡಬ್ಬಿಯ ನಾಲ್ಕು ಹೆಣ್ಣಿಗೂ ಒಳ್ಳೆಯ ರೆಕ್ಕೆ ಇದ್ದವು.

ಉಳಿದದ್ದು ಫೆರಿಯೀಕಾ. ಚಪ್ಪಟೆಯಾದ, ಎರಡು ಬಾಯಿಯ, ನಡು ಅಗಲದ ಚೀಲ ಈ ಕುಲದ ಗುರುತು. ಕೀಟತಜ್ಞರಾದ ಹಿಂಟನ್ ಮತ್ತು ಬ್ರಾಡ್ಲಿ 1956ರಲ್ಲಿ ಈ ಕುಲಕ್ಕೆ ಹೆಸರಿಟ್ಟರು. ಅದರ ಮೂಲ ಗ್ರೀಕ್ ಪದಕ್ಕೆ "ಮನೆ ಹೊರುವವನು" ಅಂತ ಅರ್ಥ, ಹಿಂದೆ ಬಸವನಹುಳುವಿಗೆ ಹೇಳುತ್ತಿದ್ದ ಮಾತು. ಮನೆಗಳಲ್ಲಿ ಸಿಗುವ ಎರಡು ಪ್ರಭೇದಗಳು ಬಹಳ ಹತ್ತಿರದವು: ರೆಬೆಲ್ 1892ರಲ್ಲಿ ವಿವರಿಸಿದ ಅಲ್ಯುಟೆಲ್ಲಾ, ವಾಲ್ಸಿಂಗ್‌ಹ್ಯಾಮ್ 1897ರಲ್ಲಿ ವಿವರಿಸಿದ ಯುಟೆರೆಲ್ಲಾ. ರೆಕ್ಕೆ ನೋಡಿ ಇವನ್ನು ಬೇರ್ಪಡಿಸಬಾರದು. ಪತಂಗದ ಹೊಟ್ಟೆಯ ತುದಿಯನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡಿನಲ್ಲಿ ನೆನೆಸಿ, ಜನನಾಂಗ ಬಿಡಿಸಿ ಸೂಕ್ಷ್ಮದರ್ಶಕದಡಿ ನೋಡಿ ತೀರ್ಮಾನಿಸುವುದು ಪದ್ಧತಿ. ಆಯುಷ್ಯ ಮುಗಿಸಿ ಸತ್ತ ಎರಡು ಗಂಡುಗಳನ್ನು ಅದಕ್ಕಾಗಿಯೇ ಒಣಗಿಸಿ, ತ್ರಿಕೋನ ಮಡಿಕೆಯ ಕಾಗದದಲ್ಲಿಟ್ಟು, ಜೊತೆಗೆ ಅವವುಗಳ ಚೀಲವನ್ನೂ ಇಟ್ಟು, ಜಾಗ, ತಾರೀಖು, ಗೋಡೆ, ಆರ್ದ್ರತೆ ಬರೆದಿದ್ದೇನೆ. ಚೀಟಿಯ ಮೇಲೆ "ಫೆರಿಯೀಕಾ" ಅಂತ ಮಾತ್ರ ಇದೆ. ಸಾಕ್ಷಿ ಎಲ್ಲಿಯವರೆಗೆ ಕರೆದೊಯ್ಯುತ್ತದೋ ಹೆಸರು ಅಲ್ಲಿಯವರೆಗೆ ಬರೆಯುವುದೇ ಸರಿ ಅಂತ ನನ್ನ ನಂಬಿಕೆ.

ಹಸಿರು ಚುಕ್ಕೆ

ಹುಳುಗಳು ಬೆಳೆಯುತ್ತಿದ್ದ ದಿನಗಳಲ್ಲೇ ಮನೆಯ ನಕ್ಷೆ ಮಾಡಿದೆ. ಪ್ರತಿ ಜಾಗದಲ್ಲಿ ಗೋಡೆಗೆ ತಾಗಿಸಿ ಮೀಟರನ್ನು ಅರ್ಧ ಗಂಟೆ ಇಟ್ಟು, ಆರು ಕೂಡಿಸಿ ಬರೆದುಕೊಂಡೆ. ಬೀರುವಿನ ಹಿಂದೆ ಹದಿನಾಲ್ಕು ಚೀಲ, ಆರ್ದ್ರತೆ 79. ಮೆಟ್ಟಿಲ ಕೆಳಗೆ ಹನ್ನೊಂದು, 76. ಬಚ್ಚಲಲ್ಲಿ ಆರು, 83. ನಡುಮನೆಯಲ್ಲಿ ಎರಡು, 66. ಅಡುಗೆಮನೆಯಲ್ಲಿ ಒಂದು. ತಾರಸಿಯ ಕೋಣೆಯಲ್ಲಿ ಒಂದೂ ಇಲ್ಲ, ಅಲ್ಲಿ ದಿನವೆಲ್ಲ ಬಿಸಿಲು, 54. ತೇವವೊಂದೇ ಕಾರಣವಾಗಿದ್ದರೆ ಬಚ್ಚಲು ಮೊದಲ ಸ್ಥಾನದಲ್ಲಿರಬೇಕಿತ್ತು. ಆದರೆ ಬಚ್ಚಲನ್ನು ವಾರವಾರ ಉಜ್ಜಿ ತೊಳೆಯುತ್ತೇವೆ, ಬಲೆ ನಿಲ್ಲುವುದಿಲ್ಲ. ಬೀರುವಿನ ಹಿಂದೆ ತೇವವೂ ಇದೆ, ವರ್ಷದ ಬಲೆಯೂ ಇದೆ, ಉದುರಿದ ಕೂದಲೂ ಇದೆ. ಊಟ ಮತ್ತು ತೇವ ಎರಡೂ ಸೇರಿದ ಕಡೆಯೇ ಇವುಗಳ ಊರು.

ಬೀರುವಿನ ಹಿಂದಿನ ಒಂದು ಚೀಲದ ನಡುಭಾಗದಲ್ಲಿ ಮಸೂರಕ್ಕೆ ಹಸಿರು ಬಣ್ಣದ ಕಣಗಳು ಕಂಡವು. ಆ ಕೋಣೆಯ ಗೋಡೆ ತಿಳಿಗುಲಾಬಿ. ಹಸಿರು ಡಿಸ್ಟೆಂಪರ್ ಇರುವುದು ಮೆಟ್ಟಿಲ ಗೋಡೆಗೆ, ನಡುವೆ ಎಂಟು ಮೀಟರ್ ದೂರ. ಚೀಲದ ನಡುಭಾಗ ಅಂದರೆ ಬಾಲ್ಯ. ಹಾಗಾದರೆ ಈ ಹುಳು ಮೆಟ್ಟಿಲ ಕೆಳಗೆ ಹುಟ್ಟಿ, ಹೊಸ್ತಿಲು ದಾಟಿ, ನಡುಮನೆ ಹಾದು ಇಲ್ಲಿಗೆ ನಡೆದುಬಂತೇ? ಎರಡು ದಿನ ಅದನ್ನೇ ನಂಬಿದ್ದೆ. ನೋಟ್‌ಬುಕ್ಕಿನಲ್ಲಿ ದಾರಿಯನ್ನೂ ಗೆರೆ ಎಳೆದಿದ್ದೆ.

ಆಮೇಲೆ ಬೀರುವನ್ನು ಪೂರ್ತಿ ಈಚೆಗೆ ಎಳೆದು ಟಾರ್ಚ್ ಹಾಕಿ ನೋಡಿದೆ. ನೆಲಕ್ಕೆ ಹತ್ತಿರ, ತೇವಕ್ಕೆ ಗುಲಾಬಿ ಬಣ್ಣ ಪದರವಾಗಿ ಎದ್ದಿತ್ತು. ಅದರ ಕೆಳಗೆ ಹಳೆಯ ಹಸಿರು, ಅದರ ಕೆಳಗೆ ಸುಣ್ಣ. ನಾವು ಬರುವ ಮೊದಲು ಆ ಕೋಣೆ ಹಸಿರಾಗಿತ್ತು. ಹುಳು ಎಲ್ಲಿಂದಲೂ ನಡೆದು ಬಂದಿರಲಿಲ್ಲ. ಗೋಡೆ ನೆಲ ಕೂಡುವ ಆ ಸಂದಿನಲ್ಲೇ ಹುಟ್ಟಿ, ಎದ್ದ ಬಣ್ಣದ ಕೆಳಗೆ ಬಾಲ್ಯ ಕಳೆದು, ಒಂದೂವರೆ ಅಡಿ ಮೇಲೆ ಹತ್ತಿತ್ತು, ಅಷ್ಟೇ. ಗೆರೆ ಎಳೆದ ಪುಟವನ್ನು ಹೊಡೆದುಹಾಕಿ ಪಕ್ಕದಲ್ಲಿ ಸರಿಯಾದದ್ದು ಬರೆದೆ. ಈ ಮನೆಯ ಹಳೆಯ ಬಣ್ಣದ ಸಂಗತಿ ನಮಗೆ ಯಾರೂ ಹೇಳಿರಲಿಲ್ಲ, ಅದು ಹುಳುವಿನ ಚೀಲದಲ್ಲಿತ್ತು.

ಇವು ಹೆಚ್ಚಾದರೆ ಏನು ಮಾಡಬೇಕು ಅಂತ ನೆರೆಮನೆಯವರು ಕೇಳಿದರು. ಔಷಧಿ ಹೊಡೆಯುವ ಅಗತ್ಯವಿಲ್ಲ. ಬಲೆ ತೆಗೆದು, ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ಈಚೆಗಿಟ್ಟು ಗಾಳಿಯಾಡಲು ಬಿಟ್ಟರೆ ಸಾಕು. ಉಣ್ಣೆಯ ಶಾಲು, ಸ್ವೆಟರುಗಳನ್ನು ಮಾತ್ರ ಬಿಸಿಲಿಗೆ ಹಾಕಿ, ಮುಚ್ಚಿದ ಪೆಟ್ಟಿಗೆಯಲ್ಲಿಡಬೇಕು.

ಅಕ್ಟೋಬರ್ 31

ಹೆಣ್ಣುಗಳು ವಾರದೊಳಗೆ ಸತ್ತವು. ಸಾಯುವ ಮೊದಲು ಹೆಂಚಿನ ಬುಡದ ಕಸದ ಸಂದಿನಲ್ಲಿ ಮೊಟ್ಟೆಯಿಟ್ಟಿದ್ದವು. ಒಂದು ಹೆಣ್ಣು ಸುಮಾರು ಇನ್ನೂರು ಇಡಬಲ್ಲದು. ಮೊಟ್ಟೆ ಅರ್ಧ ಮಿಲಿಮೀಟರೂ ಇಲ್ಲ, ತೆಳು ನೀಲಿ. ಹತ್ತು ದಿನಕ್ಕಿಂತ ಮೊದಲು ಒಡೆಯುವುದಿಲ್ಲ ಅಂತ ಗೊತ್ತಿದ್ದರೂ ದಿನಕ್ಕೆರಡು ಸಲ ನೋಡುತ್ತಿದ್ದೆ. ತಳದ ಗ್ರಾಫ್ ಹಾಳೆಯ ಮೇಲೆ ಕೆಮ್ಮಣ್ಣನ್ನು ತೆಳ್ಳಗೆ ಉದುರಿಸಿಟ್ಟಿದ್ದೆ.

ಇವತ್ತು ಬೆಳಿಗ್ಗೆ ಅಜ್ಜಿಯೇ ಮಸೂರಕ್ಕೆ ಕಣ್ಣಿಟ್ಟು ಬೋಲ್ಟು ತಿರುಗಿಸುತ್ತಿದ್ದರು. ಎಂಟು ಗೆರೆಯ ಲೆಕ್ಕ ಈಗ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. "ಬಾ ಇಲ್ಲಿ, ಬಾ" ಅಂದರು. ಹಾಳೆಯ ಒಂದು ಚೌಕದ ಮೂಲೆಯಲ್ಲಿ ದಾರದ ತುಣುಕಿನಂಥ ಮರಿ. ಅದರ ಮೈಮೇಲೆ ರೇಷ್ಮೆಯ ಒಂದು ಕಮಾನು, ಎರಡು ಕಾಲೂ ಹಾಳೆಗೆ ಊರಿದ್ದು, ಬೆನ್ನಿಗೆ ನಾಲ್ಕೈದು ಕೆಂಪು ಕಣ. ಇನ್ನೂ ಚೀಲವಾಗಿಲ್ಲ. ತಳ ಮುಚ್ಚಿಕೊಂಡು ಕೊಳವೆಯಾದ ಮೇಲೆ ಅದನ್ನು ಕಿತ್ತುಕೊಂಡು ಹೊರಡುತ್ತದೆ. ಅಜ್ಜಿ ಗೆರೆಯ ಮೇಲೆ ಬೆರಳಿಟ್ಟು ಬೋಲ್ಟನ್ನು ಅಲ್ಲೇ ನಿಲ್ಲಿಸಿದರು, ನಾನು ಫೋಟೊ ತೆಗೆದೆ.